ಬೆಟ್ಟ ಹತ್ತಿದ ಚಿತ್ರ

ಹಿಂದಿನ ವರ್ಷದ ಸೈಕಲ್ ಸ್ಪರ್ಧೆಯಲ್ಲಿ ಗೆದ್ದವಳು ಊರಿನಲ್ಲಿ ಅಂಚೆ ಹಂಚುವ ಹೆಣ್ಣುಮಗಳು. ಆದರೆ ಅವಳು ಗೆದ್ದ ಗಳಿಗೆಯನ್ನು ಊರು ನೋಡಲಿಲ್ಲ. ಬೆಟ್ಟದ ಮೇಲ್ಭಾಗದಲ್ಲಿ ರಸ್ತೆ ಕಿರಿದು. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಪ್ರಪಾತ. ಅಲ್ಲಿ ಜನರನ್ನು ನಿಲ್ಲಲು ಬಿಡುವುದಿಲ್ಲ. ಎಲ್ಲರೂ ಟಿವಿಯನ್ನೇ ನಂಬಿ ಕೂತಿದ್ದರು. ಅವಳು ಪೆಡಲಿನ ಮೇಲೆ ಎದ್ದು ನಿಂತು ಗುಂಪನ್ನು ಹಿಂದೆ ಹಾಕಲು ಹೊರಟಳು ನೋಡಿ, ಚಿತ್ರ ಅಲ್ಲಿಗೇ ನಿಂತುಹೋಯಿತು. ಅರ್ಧ ಹೆಲ್ಮೆಟ್ಟು, ಒಂದು ಮೊಣಕೈ, ಹಿಂದೆ ಒಂದು ಪೊದೆ, ಇಷ್ಟೇ ಪರದೆಯ ಮೇಲೆ ಕಲ್ಲಾಗಿ ಕೂತಿತು. ಮತ್ತೆ ಚಿತ್ರ ಅಲುಗಾಡುವ ಹೊತ್ತಿಗೆ ಅವಳು ಬೆಟ್ಟದ ನೆತ್ತಿಯ ಮೇಲೆ ಒಬ್ಬಳೇ ಇದ್ದಳು, ಉಳಿದವರು ಎಲ್ಲೋ ಕೆಳಗಿದ್ದರು.

ನಡುವೆ ಏನಾಯಿತು ಎಂಬುದನ್ನು ಊರು ತಾನೇ ಕಟ್ಟಿಕೊಂಡಿತು. ಅವಳು ಟಿವಿಯವರ ಮೋಟಾರ್ ಸೈಕಲ್ಲನ್ನು ಹಿಡಿದುಕೊಂಡು ಬೆಟ್ಟ ಹತ್ತಿದಳು, ಅದಕ್ಕೇ ಬೇಕೆಂದು ಚಿತ್ರ ನಿಲ್ಲಿಸಿದರು ಎಂದು ಗಾಳಿಸುದ್ದಿ ಎದ್ದಿತು. ಹಿಂದೆ ಉಳಿದ ಸವಾರರು, ತಿರುವಿನಾಚೆ ನಮಗೇನೂ ಕಾಣಲಿಲ್ಲ ಎಂದು ಹೇಳಿ ಕೈ ತೊಳೆದುಕೊಂಡರು. ಕ್ಯಾಮೆರಾ ಚಿತ್ರವನ್ನು ಕಳಿಸುತ್ತಿತ್ತೇ ಹೊರತು ತನ್ನೊಳಗೆ ಉಳಿಸಿಕೊಳ್ಳುತ್ತಿರಲಿಲ್ಲ. ಪ್ರಶಸ್ತಿಯನ್ನೇನೋ ಅವಳಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಆದರೆ ಕಾಗದ ಕೊಡಲು ಹೋದ ಬಾಗಿಲುಗಳಲ್ಲಿ ಜನ, ಇವತ್ತು ಯಾರ ಗಾಡಿ ಹಿಡಿದು ಬಂದೆ ಎಂದು ನಗತೊಡಗಿದರು.

ಆ ಮೋಟಾರ್ ಸೈಕಲ್ಲು ಓಡಿಸುತ್ತಿದ್ದವನು ಅಕ್ಕನ ತಮ್ಮ.

ಅಕ್ಕ ಎಂದರೆ ಊರಿಗೇ ಅಕ್ಕ. ದೂರ ಹೋಗುವ ಬಸ್ಸುಗಳಲ್ಲಿ ಪ್ರಯಾಣಿಕರಿಗೆ ಇಂಟರ್ನೆಟ್ ಸಿಗುವಂತೆ ಮಾಡುವ ಕಂಪನಿಯಲ್ಲಿ ಅವಳು ಎಂಜಿನಿಯರ್. ಡಿಪೋದ ಹಿಂಬದಿಯಲ್ಲಿ, ಟೈರುಗಳ ರಾಶಿಯ ಪಕ್ಕದಲ್ಲಿ ಅವಳ ಕೋಣೆ. ಮದುವೆಯಾಗಿರಲಿಲ್ಲ. ಅಮ್ಮ ಮತ್ತು ತಮ್ಮನ ಜೊತೆ ಮೂರನೆಯ ಮಹಡಿಯ ಮನೆಯಲ್ಲಿ ಇದ್ದಳು. ಸುದ್ದಿ ಹಬ್ಬಿದ ಮೇಲೆ ತಮ್ಮನ ಊಟ ನಿದ್ದೆ ಎರಡೂ ಕೆಟ್ಟವು. ಅವನ ಹಿಂದೆ ಕೂತು ಚಿತ್ರ ತೆಗೆಯುತ್ತಿದ್ದ ಕ್ಯಾಮೆರಾದವನು ಮಾತ್ರ ಯಾರು ಏನಂದರೂ ನಕ್ಕುಬಿಡುತ್ತಿದ್ದ. ಓಡುವ ಗಾಡಿಯ ಮೇಲೆ ಹಿಂದುಮುಂದಾಗಿ ಕೂತು, ಕತ್ತು ಓರೆ ಮಾಡಿ ಲೋಕವನ್ನೆಲ್ಲ ಒಂದೇ ಕಣ್ಣಿನಲ್ಲಿ ನೋಡುವವನಾದ್ದರಿಂದ ಅವನಿಗೆ ಕಾಗೆ ಎಂದೇ ಹೆಸರು. ಹೆಂಡತಿಯೂ ಹಾಗೇ ಕರೆಯುತ್ತಿದ್ದಳು.

ಒಂದು ಬೆಳಿಗ್ಗೆ ಅಕ್ಕನ ಮನೆಗೆ ಪಾರ್ಸೆಲ್ ಬಂತು. ಬಾಗಿಲು ತೆಗೆದವನು ತಮ್ಮ. ಎದುರಿಗೆ ಅಂಚೆಯವಳು. ಇಬ್ಬರೂ ತಲೆ ತಗ್ಗಿಸಿ ನಿಂತದ್ದು ನೋಡಿ ಅಕ್ಕನೇ ಮುಂದೆ ಬಂದು ಸಹಿ ಹಾಕಿದಳು. ಅಂಚೆಯವಳು ಹೊರಡಲಿಲ್ಲ. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, ಇನ್ನೊಮ್ಮೆ ತೆಗೆದು, ಕೊನೆಗೆ ಕೇಳಿದಳು:

"ಅಕ್ಕ, ಈ ವರ್ಷ ಮತ್ತೆ ಅದೇ ಜಾಗದಲ್ಲಿ ಗುಂಪನ್ನ ಬಿಟ್ಟು ಹೋಗ್ತೀನಿ. ಗೆಲ್ತೀನೋ ಇಲ್ವೋ ಗೊತ್ತಿಲ್ಲ. ಚಿತ್ರ ನಿಲ್ಲದ ಹಾಗೆ ಮಾಡೋಕೆ ಆಗುತ್ತಾ ನಿಮ್ ಕೈಲಿ?"

ನೋಡೋಣ ಎನ್ನಬೇಕೆಂದಿದ್ದಳು ಅಕ್ಕ. ಬಾಯಿಂದ ಬಂದದ್ದು ಮಾತ್ರ, ಆಗುತ್ತೆ, ಮಾಡ್ತೀನಿ ಎಂದು. ಬಾಗಿಲು ಹಾಕಿದ ಮೇಲೆ ತಮ್ಮ ಅವಳ ಮುಖವನ್ನೇ ನೋಡಿದ. ನಿಜವಾಗಿ ಆಗುತ್ತಾ ಎಂದು ಕೇಳಿದ. ಗೊತ್ತಿಲ್ಲ, ಮೊದಲು ನನ್ನನ್ನು ಬೆಟ್ಟ ಹತ್ತಿಸು ಎಂದಳು ಅಕ್ಕ.

ರಜೆಯ ದಿನಗಳೆಲ್ಲ ಬೆಟ್ಟಕ್ಕೇ ಹೋದವು. ಅಕ್ಕ ಹಿಂದಿನ ಸೀಟಿನಲ್ಲಿ ಕೂತು, ಸಿಗ್ನಲ್ ಅಳೆಯುವ ಯಂತ್ರವನ್ನು ತೊಡೆಯ ಮೇಲೆ ಬಿಗಿದುಕೊಂಡು, ನಿಧಾನ ಎಂದು ಒಮ್ಮೆ, ಜೋರಾಗಿ ಎಂದು ಒಮ್ಮೆ ತಮ್ಮನ ಬೆನ್ನಿಗೆ ಗುದ್ದುತ್ತಿದ್ದಳು. ಒಂದೇ ತಿರುವನ್ನು ಹತ್ತಿಸಿ ಇಳಿಸಿ, ಇಳಿಸಿ ಹತ್ತಿಸಿ, ತಮ್ಮನಿಗೆ ತಲೆ ಸುತ್ತು ಬಂತು. ನಾನೇನು ಗಾಣಕ್ಕೆ ಕಟ್ಟಿದ ಎತ್ತಾ ಎಂದು ಗೊಣಗಿದ. ಗೊಣಗುತ್ತಲೇ ಗಾಡಿ ತಿರುಗಿಸಿದ.

ಅಕ್ಕನಿಗೆ ನಿಧಾನವಾಗಿ ಬೆಟ್ಟ ಅರ್ಥವಾಗತೊಡಗಿತು. ಅಲ್ಲಿ ಸಿಗ್ನಲ್ ಇಲ್ಲವೆಂದಲ್ಲ, ಇತ್ತು. ಕೆಳಗಿನ ಊರಿನ ಟವರು ಒಂದು ತಿರುವಿನಲ್ಲಿ ಚೆನ್ನಾಗಿ ಕಾಣುತ್ತದೆ. ಮುಂದಿನ ತಿರುವಿನಲ್ಲಿ ಬಂಡೆ ಅಡ್ಡ ಬಂದು ಅದು ಮಾಯವಾಗಿ, ಎದುರು ದಿಣ್ಣೆಯ ಟವರು ಕಾಣುತ್ತದೆ. ಆದರೆ ಯಂತ್ರಕ್ಕೆ ಹಳೆಯದನ್ನು ಬಿಡಲು ಮನಸ್ಸಿಲ್ಲ. ಸಿಗ್ನಲ್ಲಿನ ಕೊನೆಯ ಎಳೆ ಹರಿಯುವ ತನಕ ಅದನ್ನೇ ಜಗ್ಗುತ್ತ, ಹರಿದ ಮೇಲೆ ಕಕ್ಕಾಬಿಕ್ಕಿಯಾಗಿ ಹೊಸದನ್ನು ಹುಡುಕುತ್ತದೆ. ಅಷ್ಟರಲ್ಲಿ ಮತ್ತೊಂದು ತಿರುವು ಬಂದು ಹೊಸದೂ ಕೈ ತಪ್ಪುತ್ತದೆ. ನಿಂತವರಿಗೆ ಇದು ಗೊತ್ತೇ ಆಗುವುದಿಲ್ಲ. ಓಡುವವರಿಗೆ ಮಾತ್ರ ಈ ಪಾಡು.

"ಅದು ಬಿದ್ದ ಮೇಲೆ ಕೈ ಚಾಚುತ್ತೆ ಕಣೋ. ಬೀಳೋಕೆ ಮುಂಚೆನೇ ಚಾಚಬೇಕು. ಒಂದು ಕೈಲಿ ಹಳೇದು ಹಿಡ್ಕೊಂಡಿರುವಾಗಲೇ ಇನ್ನೊಂದು ಕೈಲಿ ಹೊಸದನ್ನ ಹಿಡೀಬೇಕು."

ತಮ್ಮನಿಗೆ ಅದು ಥಟ್ಟನೆ ಹೊಳೆಯಿತು. ಮರ ಹತ್ತುವ ಹಾಗೆ ಎಂದ. ಹೌದು, ಮರ ಹತ್ತುವ ಹಾಗೆಯೇ ಎಂದು ಅಕ್ಕ ಅವನ ಹೆಲ್ಮೆಟ್ಟಿಗೆ ಒಂದು ಕೊಟ್ಟಳು.

ಆಮೇಲೆ ಮೂರನೆಯ ಮಹಡಿಯ ಮನೆಯ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಅಕ್ಕ ಒಂದು ಪೆಟ್ಟಿಗೆ ಕಟ್ಟಿದಳು. ಬೇರೆ ಬೇರೆ ಕಂಪನಿಗಳ ಸಿಮ್ಮುಗಳನ್ನು ಅದರೊಳಗೆ ಕೂರಿಸಿದಳು. ಗಾಡಿಯ ಮುಂದೊಂದು ಆಂಟೆನಾ, ಹಿಂದೊಂದು. ಮುಂದಿನದು ಬರಲಿರುವ ಟವರನ್ನು ಹುಡುಕುತ್ತಿದ್ದರೆ ಹಿಂದಿನದು ಬಿಟ್ಟು ಹೋಗುತ್ತಿರುವ ಟವರನ್ನು ಹಿಡಿದುಕೊಂಡಿರುತ್ತದೆ. ಚಿತ್ರವನ್ನು ಚೂರು ಚೂರು ಮಾಡಿ, ಸಿಕ್ಕ ದಾರಿಗಳಲ್ಲೆಲ್ಲ ಹಂಚಿ ಕಳಿಸಿ, ಆ ಕಡೆ ಸ್ಟುಡಿಯೋದಲ್ಲಿ ಮತ್ತೆ ಜೋಡಿಸುವುದು. ಒಂದು ದಾರಿ ಕೈಕೊಟ್ಟರೆ ಅದರ ಪಾಲನ್ನು ಇನ್ನೊಂದು ಹೊರುತ್ತದೆ. ಎಲ್ಲಕ್ಕಿಂತ ದೊಡ್ಡದೆಂದರೆ, ಪೆಟ್ಟಿಗೆಗೆ ರಸ್ತೆ ಗೊತ್ತಿತ್ತು. ಯಾವ ತಿರುವಿಗೆ ಮುಂಚೆ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬುದನ್ನು ಅಕ್ಕ ಅದಕ್ಕೆ ಕಲಿಸಿಟ್ಟಿದ್ದಳು.

ಮೊದಲ ಪೆಟ್ಟಿಗೆ ಅಲುಗಾಟಕ್ಕೆ ಸತ್ತಿತು. ಎರಡನೆಯದು ಬಿಸಿಯೇರಿ ಕೂತುಬಿಟ್ಟಿತು. ಕಾಗೆ ಅದರ ಮೇಲೆ ಬ್ರೆಡ್ಡಿಟ್ಟು ಕಾಯಿಸಿಕೊಂಡು ತಿಂದ, ಅಕ್ಕ ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ಆಮೇಲೆ ಗಾಳಿಯಾಡಲು ಕಿಂಡಿ ಕೊರೆದು, ಕೆಳಗೆ ರಬ್ಬರಿನ ಮೆತ್ತೆ ಹಾಕಿ, ಮತ್ತೆ ಹತ್ತಿಸಿದರು.

ಆ ದಿನ ಪೆಟ್ಟಿಗೆಯ ಚಿತ್ರ ಮನೆಯ ಟಿವಿಗೇ ಬರುವಂತೆ ಮಾಡಿ, ಅದರ ಮುಂದೆ ಅಮ್ಮನನ್ನು ಕೂರಿಸಿದ್ದರು. ಅಮ್ಮನಿಗೆ ಟವರು, ಆಂಟೆನಾ ಯಾವುದೂ ಬೇಡ. ಮಗನ ಗಾಡಿಯಿಂದ ಬರುವ ಚಿತ್ರ ನಿಂತರೆ ಫೋನ್ ಮಾಡಬೇಕು, ಅಷ್ಟೇ ಅವಳ ಕೆಲಸ. ಗಾಡಿ ತಪ್ಪಲು ದಾಟಿತು, ಮೊದಲ ತಿರುವು ದಾಟಿತು, ಕಿರಿದಾದ ಮೇಲಿನ ತಿರುವುಗಳಿಗೆ ಬಂತು. ಮೊದಲೇ ನೆತ್ತಿಗೆ ಹೋಗಿದ್ದ ಅಕ್ಕ ಅಲ್ಲಿ ಕೈಯಲ್ಲಿ ಫೋನ್ ಹಿಡಿದು ಕೂತಿದ್ದಳು. ಅದು ಬಾಯಿ ಬಿಡಲಿಲ್ಲ. ನೆತ್ತಿ ಬಂತು. ಗಾಡಿ ನಿಂತಿತು. ಆಗ ಫೋನ್ ಬಂತು. ಅಕ್ಕನ ಜೀವ ಬಾಯಿಗೆ ಬಂತು.

"ಏನೇ, ನಿನ್ನ ತಮ್ಮನಿಗೆ ಹೇಳು, ಎಡಗೈ ತಿರುವಲ್ಲಿ ಅಷ್ಟು ಬಾಗಬೇಡ ಅಂತ. ನೋಡಿ ನನ್ನ ಎದೆ ಒಡೆದು ಹೋಯ್ತು."

ಅಕ್ಕನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳು ತಮ್ಮನ ಕುತ್ತಿಗೆಗೆ ಜೋತು ಬಿದ್ದಳು. ಕಾಗೆ ಕ್ಯಾಮೆರಾ ಆರಿಸಿರಲಿಲ್ಲವಾದ್ದರಿಂದ ಅಮ್ಮ ಅದನ್ನೂ ನೋಡಿದಳು, ರಸ್ತೆ ಮಧ್ಯೆ ಇದೆಂಥ ಹುಡುಗಾಟ ಎಂದು ಮತ್ತೆ ಫೋನ್ ಮಾಡಿ ಬೈದಳು.

ಸ್ಪರ್ಧೆಯ ದಿನ ಬಂತು. ಬಿಸಿಲು ಹದವಾಗಿತ್ತು, ಗಾಳಿ ತೆಳುವಾಗಿತ್ತು. ತಮ್ಮ ಮತ್ತು ಕಾಗೆ ಮೋಟಾರ್ ಸೈಕಲ್ಲಿನಲ್ಲಿ ಸವಾರರ ಜೊತೆ. ಅಕ್ಕ ಬಿಡಿ ಚಕ್ರದ ಗಾಡಿಯಲ್ಲಿ. ಯಾರದಾದರೂ ಸೈಕಲ್ಲಿನ ಚಕ್ರ ಕೆಟ್ಟರೆ ಬೇರೆ ಕೊಡಲೆಂದು, ಮಾಡಿನ ಮೇಲೆ ಚಕ್ರಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಸವಾರರ ಬೆನ್ನ ಹಿಂದೆ ಹೋಗುವ ಕಾರು ಅದು. ಅಕ್ಕನ ತೊಡೆಯ ಮೇಲೆ ಲ್ಯಾಪ್‌ಟಾಪ್, ಹಿಂದಿನ ಸೀಟಿನಲ್ಲಿ ಇನ್ನೊಂದು ಪೆಟ್ಟಿಗೆ. ಮೋಟಾರ್ ಸೈಕಲ್ಲಿನದು ಕೆಟ್ಟರೆ ಬದಲಿಸಲು ಅದು. ಎರಡೂ ಪೆಟ್ಟಿಗೆಗಳಿಗೆ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಒಂದೊಂದು ಸಣ್ಣ ರೇಡಿಯೊ ಇಟ್ಟಿದ್ದಳು. ಬಿಸಿ ಎಷ್ಟು, ಬ್ಯಾಟರಿ ಎಷ್ಟು ಎಂದು ಮುಂದಿನದು ಹಿಂದಿನದಕ್ಕೆ ಹೇಳುತ್ತಿತ್ತು. ಅದಕ್ಕಿಂತ ಹೆಚ್ಚಿನ ಕೆಲಸ ಅದಕ್ಕಿರಲಿಲ್ಲ.

ಕಾರು ಓಡಿಸುತ್ತಿದ್ದವನನ್ನು ಎಲ್ಲರೂ ಕೊನೆಯಣ್ಣ ಎನ್ನುತ್ತಿದ್ದರು. ವಯಸ್ಸಿನಲ್ಲಿದ್ದಾಗ ಅವನೂ ಇದೇ ಸ್ಪರ್ಧೆಯಲ್ಲಿ ಸೈಕಲ್ ತುಳಿದವನು, ಪ್ರತಿ ಸಲವೂ ಕೊನೆಯವನಾಗಿ ಬಂದವನು. ಅದನ್ನು ಅವನೇ ಖುಷಿಯಿಂದ ಹೇಳಿಕೊಳ್ಳುತ್ತಿದ್ದ. ಕೊನೆಯಲ್ಲಿ ಬರುವವನಿಗೆ ರಸ್ತೆಯ ಒಂದೊಂದು ಕಲ್ಲಿನ ಪರಿಚಯವೂ ಆಗುತ್ತದೆ ಎನ್ನುತ್ತಿದ್ದ.

ಬಯಲಿನಲ್ಲಿ ಎಲ್ಲ ಚೆನ್ನಾಗಿತ್ತು. ಸ್ಟುಡಿಯೋದಲ್ಲಿ ಕೂತ ಕಾರ್ಯಕ್ರಮದ ನಿರ್ದೇಶಕಿ ರೇಡಿಯೊದಲ್ಲಿ ಬಂದು, ಚಿತ್ರ ಕನ್ನಡಿಯ ಹಾಗಿದೆ ಎಂದಳು. ಕೊನೆಯಣ್ಣ ತನ್ನ ಸೋಲುಗಳ ಕಥೆ ಶುರುಮಾಡಿದ. ಅಕ್ಕ ನಗುತ್ತ ಬಾಳೆಹಣ್ಣು ಸುಲಿದಳು.

ಬೆಟ್ಟದ ಬುಡ ಬಂತು. ಸುಲಿದ ಹಣ್ಣು ಕೈಯಲ್ಲೇ ಉಳಿಯಿತು.

ಕೆಳಗಿನ ತಿರುವುಗಳಲ್ಲಿ ಜನವೋ ಜನ. ಅಂಥ ಗುಂಪು ಆ ಬೆಟ್ಟದಲ್ಲಿ ಹಿಂದೆಂದೂ ಸೇರಿರಲಿಲ್ಲ. ಅಂಚೆಯವಳು ಈ ಸಲ ಯಾರನ್ನು ಹಿಡಿದುಕೊಳ್ಳುತ್ತಾಳೆ ನೋಡೋಣ ಎಂದು ಊರಿಗೆ ಊರೇ ಎದ್ದು ಬಂದಿತ್ತು. ಕಲ್ಲುಗಳ ಮೇಲೆ, ಮರಗಳ ಮೇಲೆ, ಅಪ್ಪಂದಿರ ಹೆಗಲ ಮೇಲೆ ಜನ. ಪ್ರತಿಯೊಬ್ಬರ ಕೈಯಲ್ಲೂ ಎತ್ತಿ ಹಿಡಿದ ಫೋನು, ಪ್ರತಿ ಫೋನಿನಿಂದಲೂ ಚಿತ್ರ ಹೊರಟಿತ್ತು. ಅಷ್ಟೂ ಚಿತ್ರಗಳು ಅಕ್ಕ ನಂಬಿದ್ದ ಅವೇ ಎರಡು ಟವರುಗಳ ಬಾಗಿಲಲ್ಲಿ ನೂಕುನುಗ್ಗಲು ಮಾಡುತ್ತಿದ್ದವು. ಪೆಟ್ಟಿಗೆ ಕಲಿತ ಪಾಠದಂತೆ ಸರಿಯಾದ ಜಾಗದಲ್ಲಿ ಸರಿಯಾದ ಟವರನ್ನೇ ಹಿಡಿಯುತ್ತಿತ್ತು. ಆದರೆ ಅಲ್ಲಿ ಕಾಲಿಡಲು ಜಾಗವಿರಲಿಲ್ಲ.

ಲ್ಯಾಪ್‌ಟಾಪಿನ ಮೇಲೆ ಹಸಿರು ಗೆರೆಗಳು ಒಂದೊಂದಾಗಿ ಕುಸಿದವು. ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದೆ ಎಂದು ನಿರ್ದೇಶಕಿ ಹೇಳಿದಳು. ಇನ್ನೇನು ನಿಲ್ಲುತ್ತದೆ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೋದ ವರ್ಷದ ನೆನಪಿತ್ತು.

ಅಕ್ಕ ಬೆಟ್ಟದ ನಕ್ಷೆಯನ್ನು ಪರದೆಯ ಮೇಲೆ ಎಳೆದುಕೊಂಡಳು. ಈ ಮಗ್ಗುಲಿನ ಟವರುಗಳೆಲ್ಲ ತುಂಬಿ ತುಳುಕುತ್ತಿವೆ. ಆ ಮಗ್ಗುಲಿನಲ್ಲಿ? ನೆತ್ತಿಯ ಆಚೆ, ಕಣಿವೆಯಲ್ಲಿ, ಒಂದು ಕಲ್ಲುಗಣಿಗೆಂದು ಹಾಕಿದ ಟವರಿತ್ತು. ಇವತ್ತು ಗಣಿಗೆ ರಜೆ. ಅದನ್ನು ಬಳಸುವವರೇ ಇಲ್ಲ. ಆದರೆ ಅದು ಕಾಣುವುದು ನೆತ್ತಿ ತಲುಪಿದವರಿಗೆ ಮಾತ್ರ, ಹತ್ತುತ್ತಿರುವ ತಮ್ಮನಿಗಲ್ಲ.

ಹತ್ತುತ್ತಿರುವ ತಮ್ಮನಿಗೆ ನೆತ್ತಿ ಕಾಣುತ್ತದಲ್ಲ ಎಂದು ಹೊಳೆದಾಗ ಅವಳು ಹಣ್ಣನ್ನು ಕಿಟಕಿಯಿಂದ ಎಸೆದಳು.

"ಅಣ್ಣ, ಎಲ್ಲರಿಗಿಂತ ಮುಂದೆ ಹೋಗಿ ನೆತ್ತಿ ಮೇಲೆ ನಿಲ್ಲೋಕೆ ಆಗುತ್ತಾ?"

ಕೊನೆಯಣ್ಣ ಅವಳ ಕಡೆ ತಿರುಗಿ ನೋಡಿದ. "ಎಲ್ಲರಿಗಿಂತ ಮುಂದೆನಾ? ನನ್ನ ಜೀವಮಾನದಲ್ಲಿ ಈ ಮಾತು ನನಗೆ ಯಾರೂ ಹೇಳಿರಲಿಲ್ಲಮ್ಮ. ಬೆಲ್ಟು ಬಿಗಿ ಮಾಡ್ಕೋ."

ಸ್ಪರ್ಧೆಯ ಮುಖ್ಯಸ್ಥರಿಗೆ ರೇಡಿಯೊದಲ್ಲಿ ಅನುಮತಿ ಕೇಳಿದ. ಹಿಂದೆ ಇನ್ನೊಂದು ಚಕ್ರದ ಗಾಡಿ ಇರುವುದರಿಂದ, ರಸ್ತೆ ಅಗಲವಾಗಿರುವ ಕಡೆ ಮಾತ್ರ ದಾಟಬೇಕೆಂಬ ಮಾತಿನ ಮೇಲೆ ಅವರು ಒಪ್ಪಿದರು. ಕೊನೆಯಣ್ಣ ಹಾರ್ನ್ ಒತ್ತುತ್ತ ಸವಾರರ ಗುಂಪಿನ ಮಗ್ಗುಲಿಗೆ ಬಂದ. ಅಕ್ಕನ ಕಿಟಕಿಯ ಪಕ್ಕದಲ್ಲೇ ಬೆವರಿಳಿಯುವ ಮುಖಗಳು, ಚೈನುಗಳ ಕರಕರ, ಏದುಸಿರು. ಅವುಗಳ ನಡುವೆ ಅಂಚೆಯವಳ ಮುಖ. ಅವಳು ಈ ಕಡೆ ನೋಡಲಿಲ್ಲ, ಮುಂದಿನ ಚಕ್ರವನ್ನೇ ನೋಡುತ್ತಿದ್ದಳು. ಕಾರು ದಾಟಿತು. ತಮ್ಮನ ಮೋಟಾರ್ ಸೈಕಲ್ಲನ್ನೂ ದಾಟಿತು. ತಮ್ಮ ಹುಬ್ಬೇರಿಸಿದ. ಅಕ್ಕ ಕಿಟಕಿಯಿಂದ ಕೈ ಹೊರಗೆ ಹಾಕಿ ಮೇಲಕ್ಕೆ ತೋರಿಸಿದಳು. ಅವನಿಗೆ ಏನು ಅರ್ಥವಾಯಿತೋ, ತಲೆಯಂತೂ ಆಡಿಸಿದ.

ತಿರುವುಗಳಲ್ಲಿ ಕಾರು ಅತ್ತಿತ್ತ ಎಸೆದಾಡುತ್ತಿದ್ದರೂ ಅಕ್ಕ ಪೆಟ್ಟಿಗೆಗಳಿಗೆ ಹೊಸ ಕೋಡ್ ಬರೆಯುತ್ತಿದ್ದಳು. ಬ್ಯಾಟರಿಯ ಲೆಕ್ಕ ಹೇಳಲೆಂದು ಇಟ್ಟಿದ್ದ ಸಣ್ಣ ರೇಡಿಯೊಗೆ ಈಗ ತಮ್ಮನ ಗಾಡಿಯಿಂದ ನೆತ್ತಿಗೆ ಚಿತ್ರವನ್ನೇ ಹೊರಿಸಬೇಕು. ಅದು ಹೊರುತ್ತದೋ ಇಲ್ಲವೋ ಎಂದು ಅವಳು ಎಂದೂ ನೋಡಿರಲಿಲ್ಲ.

ನೆತ್ತಿ ಬಂತು. ಆಚೆಯ ಕಣಿವೆ ತೆರೆದುಕೊಂಡಿತು. ಗಣಿಯ ಬೂದಿ ಬಣ್ಣದ ಮೆಟ್ಟಿಲುಗಳ ಪಕ್ಕದಲ್ಲಿ ಆ ಟವರು ಯಾರಿಗೂ ಬೇಡದ ಹಾಗೆ ನಿಂತಿತ್ತು. ಅಕ್ಕ ಪೆಟ್ಟಿಗೆಯನ್ನು ಎತ್ತಿಕೊಂಡು ಕಾರಿನ ಮಾಡಿನ ಮೇಲೆ ಚಕ್ರಗಳ ನಡುವೆ ಇಟ್ಟಳು. ಕೊನೆಯಣ್ಣ ಅದನ್ನು ಟ್ಯೂಬಿನಿಂದ ಬಿಗಿದ. ಒಂದು ಆಂಟೆನಾ ಗಣಿಯ ಕಡೆ, ಒಂದು ಕೆಳಗೆ ಹತ್ತುತ್ತಿರುವವರ ಕಡೆ. ಟವರು ಸಿಕ್ಕಿತು, ಖಾಲಿ ಮೈದಾನದ ಹಾಗೆ ಸಿಕ್ಕಿತು. ಆದರೆ ಕೆಳಗಿನಿಂದ ಏನೂ ಇಲ್ಲ.

ಚಿತ್ರ ನಿಂತಿತು ಎಂದಳು ನಿರ್ದೇಶಕಿ.

ಅಕ್ಕ ಕೆಳಗೆ ನೋಡಿದಳು. ರಸ್ತೆ ಎಸೆದ ಹಗ್ಗದ ಹಾಗೆ ಬಿದ್ದಿತ್ತು, ಅದರ ಮೇಲೆ ಬಣ್ಣಬಣ್ಣದ ಚುಕ್ಕೆಗಳು. ಜನರಿದ್ದ ಕೊನೆಯ ತಿರುವು ಮುಗಿಯಿತು, ಕಿರಿದಾದ ದಾರಿ ಶುರುವಾಯಿತು. ಬಂಡೆಯ ಮರೆಯಿಂದ ಮೋಟಾರ್ ಸೈಕಲ್ಲು ಹೊರಗೆ ಬಂತು. ಅದು ಬಂದದ್ದೇ ತಡ, ಲ್ಯಾಪ್‌ಟಾಪಿನ ಮೇಲೆ ಒಂದು ಹಸಿರು ಗೆರೆ ನೆಟ್ಟಗೆ ಮೇಲೆದ್ದಿತು.

ರೇಡಿಯೊದಲ್ಲಿ ನಿರ್ದೇಶಕಿಯ ಉಸಿರು ಕೇಳಿಸಿತು. ಬಂತು ಎಂದಳು. ಮತ್ತೆ, ಬಂತು, ಬಂತು ಎಂದಳು. ಸ್ಟುಡಿಯೋದಲ್ಲಿ ಯಾರೋ ಮೇಜು ಬಡಿಯುತ್ತಿದ್ದರು.

ಪರದೆಯ ಮೇಲೆ ಅಂಚೆಯವಳು. ಪೆಡಲಿನ ಮೇಲೆ ಎದ್ದು ನಿಂತಳು. ಅದೇ ಜಾಗ, ಅದೇ ಪೊದೆ. ಒಮ್ಮೆ ಹಿಂತಿರುಗಿ ನೋಡಿ ಹೊರಟಳು. ಸೈಕಲ್ಲು ಎಡಕ್ಕೆ ಬಲಕ್ಕೆ ತೂಗಾಡಿತು, ಹಿಂದಿದ್ದವರು ಒಬ್ಬೊಬ್ಬರಾಗಿ ಕಳಚಿಕೊಂಡರು. ಕಾಗೆ ಜಾಣ. ಅವನು ಕ್ಯಾಮೆರಾವನ್ನು ಅವಳ ಮುಖದ ಹತ್ತಿರ ಒಯ್ಯಲಿಲ್ಲ. ಸೈಕಲ್ಲಿನಿಂದ ಮೋಟಾರ್ ಸೈಕಲ್ಲಿಗೆ ಇರುವ ದೂರ ಎಲ್ಲರಿಗೂ ಕಾಣಲಿ ಎಂದು ಅಗಲವಾಗಿ ಹಿಡಿದ. ಅವಳ ಎರಡೂ ಕೈ ಹ್ಯಾಂಡಲಿನ ಮೇಲೆ, ಹತ್ತಿರದಲ್ಲಿ ಯಾರೂ ಇಲ್ಲ, ಏನೂ ಇಲ್ಲ, ಖಾಲಿ ರಸ್ತೆ. ಊರೆಲ್ಲ ನೋಡಿತು. ಬೆಟ್ಟದ ಬುಡದಲ್ಲಿ ನಿಂತಿದ್ದವರೂ ತಮ್ಮ ಚಿತ್ರ ಕಳಿಸುವುದನ್ನು ಬಿಟ್ಟು, ಫೋನಿನಲ್ಲಿ ಅವಳನ್ನೇ ನೋಡಿದರೆಂದು ಆಮೇಲೆ ಗೊತ್ತಾಯಿತು.

ಕೊನೆಯಣ್ಣನ ಕಣ್ಣಲ್ಲಿ ನೀರಾಡಿತು. ಅಂಚೆಯವಳು ನೆತ್ತಿ ಮುಟ್ಟಿ, ಅವರ ಮುಂದೆಯೇ ಹಾದು, ಇಳಿಜಾರಿಗೆ ಬಿದ್ದಳು. ಅವಳಿಗಿಂತ ಸ್ವಲ್ಪ ಮುಂದೆ ತಮ್ಮನ ಗಾಡಿ.

ಅಕ್ಕನಿಗೆ ಆಗ ನೆನಪಾಯಿತು, ಇಳಿಜಾರಿನ ರಸ್ತೆಯನ್ನು ಪೆಟ್ಟಿಗೆಗೆ ಕಲಿಸಿಯೇ ಇಲ್ಲ ಎಂದು. ಅವರು ಇಷ್ಟು ದಿನ ಹತ್ತುವುದರ ಮೇಲೆಯೇ ಬಿದ್ದಿದ್ದರು. ಆ ಮಗ್ಗುಲಿನ ಬಂಡೆಗಳ ಲೆಕ್ಕ ಅವಳಿಗೇ ಗೊತ್ತಿರಲಿಲ್ಲ. ಅವಳು ಕಾರಿನೊಳಗೆ ಹಾರಿದಳು. ಹಿಂದೆಯೇ ಹೋಗೋಣ, ತೀರಾ ಅಂಟಿಕೊಂಡೂ ಬೇಡ, ತೀರಾ ದೂರವೂ ಬೇಡ ಎಂದಳು. ಕೊನೆಯಣ್ಣ ಗೇರು ಬದಲಿಸಿ ಕಾರನ್ನು ಇಳಿಜಾರಿಗೆ ಬಿಟ್ಟ.

ಇಳಿಜಾರಿನಲ್ಲಿ ನಡೆದದ್ದು ಅಕ್ಕ ಎಣಿಸಿರದ ಸಂಗತಿ. ಮೊದಲ ತಿರುವಿನಲ್ಲಿ ಮೋಟಾರ್ ಸೈಕಲ್ಲು ಬಂಡೆಯ ಮರೆಗೆ ಹೋಗಿ ಟವರನ್ನು ಕಳೆದುಕೊಂಡಿತು. ಚಿತ್ರ ಹೋಯಿತು ಎಂದು ಅವಳು ಕಣ್ಣು ಮುಚ್ಚಿದಳು. ಹೋಗಲಿಲ್ಲ. ಹಿಂದಿದ್ದ ಕಾರು ಇನ್ನೂ ತೆರೆದ ಜಾಗದಲ್ಲಿತ್ತು, ಕಾರಿಗೆ ಟವರು ಕಾಣುತ್ತಿತ್ತು, ಮೋಟಾರ್ ಸೈಕಲ್ಲಿಗೆ ಕಾರು ಕಾಣುತ್ತಿತ್ತು. ಚಿತ್ರ ಹಿಂದಕ್ಕೆ ಜಿಗಿದು ಕಾರಿನಿಂದ ಹೊರಟಿತು. ಮುಂದಿನ ಗಳಿಗೆಯಲ್ಲಿ ಕಾರು ಮರೆಗೆ ಹೋಯಿತು, ಆದರೆ ಅಷ್ಟರಲ್ಲಿ ಮೋಟಾರ್ ಸೈಕಲ್ಲು ಮರೆಯಿಂದ ಹೊರಗಿತ್ತು. ಒಂದು ನೆರಳಿಗೆ ಹೋದಾಗ ಇನ್ನೊಂದು ಬೆಳಕಿಗೆ ಬರುತ್ತಿತ್ತು. ಯಾರೂ ಪಾಠ ಹೇಳಿಕೊಡದೆ ಎರಡು ಪೆಟ್ಟಿಗೆಗಳು ತಾವೇ ಕೊಟ್ಟು ತೆಗೆದುಕೊಳ್ಳುತ್ತಿದ್ದವು. ತಿರುವಿನ ಮೇಲೆ ತಿರುವು ಬಂತು. ಹಸಿರು ಗೆರೆಗಳು ಎರಡೂ ಕಡೆ ಏಳುತ್ತ ಬೀಳುತ್ತ ಇದ್ದವು, ಆದರೆ ಅವೆರಡರ ಮೊತ್ತ ಮಾತ್ರ ಮೇಜಿನ ಹಾಗೆ ಸಪಾಟಾಗಿತ್ತು.

ಅಕ್ಕ ಮುಂದಿನ ಸೀಟಿನಲ್ಲಿ ಕೂತಲ್ಲೇ ಕುಣಿಯತೊಡಗಿದಳು. ಇಷ್ಟು ದಿನ ಒಂದೇ ಗಾಡಿಗೆ ಎಷ್ಟು ಕೈ ಇಡುವುದು ಎಂದು ತಲೆ ಕೆಡಿಸಿಕೊಂಡಿದ್ದೆ, ಎರಡು ಗಾಡಿಗಳು ಒಂದರ ಕೈ ಒಂದು ಹಿಡಿಯಬಹುದು ಎಂದು ಹೊಳೆಯಲೇ ಇಲ್ಲವಲ್ಲ ಎಂದು ಕೊನೆಯಣ್ಣನಿಗೆ ವಿವರಿಸಿದಳು. ಅವನಿಗೆ ಅರ್ಧವೂ ತಿಳಿಯಲಿಲ್ಲ. ನೀನು ಹೇಳ್ತಾ ಇರಮ್ಮ, ನಾನು ದೂರ ಕಾಪಾಡ್ತೀನಿ ಎಂದ.

ಅಂಚೆಯವಳು ಗೆಲ್ಲಲಿಲ್ಲ. ಬೆಟ್ಟ ಇಳಿದ ಮೇಲಿನ ನೇರ ರಸ್ತೆಯಲ್ಲಿ ಎದುರು ಗಾಳಿಗೆ ಸಿಕ್ಕಿದಳು. ಹಿಂದಿದ್ದವರು ಒಬ್ಬರ ಮರೆಯಲ್ಲಿ ಒಬ್ಬರು ತುಳಿಯುತ್ತ ಬಂದರು. ಊರ ಬಾಗಿಲಲ್ಲಿ ಅವಳನ್ನು ಹಿಡಿದರು, ಕೊನೆಗೆ ಒಂದು ಚಕ್ರದಷ್ಟು ಅಂತರದಲ್ಲಿ ಇನ್ನೊಬ್ಬಳು ಮುಂದಾದಳು. ಅಂಚೆಯವಳು ಗೆರೆ ದಾಟಿ, ಸೈಕಲ್ಲಿನ ಮೇಲೆ ಕವುಚಿ ಬಿದ್ದು, ಉಸಿರು ಹಿಡಿಯಲು ಒದ್ದಾಡುತ್ತಿದ್ದಳು. ಸೋತದ್ದಕ್ಕೆ ಅಳುತ್ತಾಳೆಂದು ಅಕ್ಕ ಓಡಿ ಹೋದಳು. ಅಷ್ಟರಲ್ಲಿ ಬೇಲಿಯಾಚೆಯಿಂದ ಜನ ಅವಳನ್ನು ಕರೆಯುತ್ತಿದ್ದರು. ಯಾರ ಗಾಡಿ ಹಿಡಿದೆ ಎಂದಲ್ಲ. ಒಬ್ಬ ಮುದುಕ ಬೇಲಿಯ ಮೇಲಿಂದ ಬಾಗಿ ಅವಳ ಬೆನ್ನು ತಟ್ಟಿ, ಹೋದ ವರ್ಷವೂ ಹೀಗೇ ಹೋಗಿದ್ದೆ ಅಲ್ವಾ ಎಂದು ಕೇಳಿದ. ಅವಳು ತಲೆ ಎತ್ತಿದಳು.

"ಹೋದ ವರ್ಷ ಇದಕ್ಕಿಂತ ಜೋರಾಗಿ ಹೋಗಿದ್ದೆ, ತಾತ."

ಸುತ್ತಲಿದ್ದವರೆಲ್ಲ ನಕ್ಕರು. ಅವಳಿಗೂ ನಗು ಬಂತು. ಅಕ್ಕನನ್ನು ಕಂಡು ಏನೋ ಹೇಳಲು ಬಾಯಿ ತೆರೆದಳು, ಉಸಿರು ಸಾಲದೆ ಅವಳ ಕೈ ಹಿಡಿದು ಅಲ್ಲಾಡಿಸಿದಳು. ಬಿಡಲು ಸ್ವಲ್ಪ ಹೊತ್ತಾಯಿತು.

ತಮ್ಮ ಗಾಡಿ ನಿಲ್ಲಿಸಿ ಹೆಲ್ಮೆಟ್ಟು ತೆಗೆದಿದ್ದ. ಅವನ ಸುತ್ತ ಐದಾರು ಜನ, ಹೋದ ವರ್ಷ ಅವನನ್ನು ಹಂಗಿಸಿದವರೇ, ಗಾಡಿಯ ಆಂಟೆನಾಗಳನ್ನು ಮುಟ್ಟಿ ನೋಡುತ್ತಿದ್ದರು. ಅವನು ಎಲ್ಲರಿಗೂ ಸಮಾಧಾನದಿಂದ ಉತ್ತರ ಹೇಳುತ್ತಿದ್ದ. ಅಮ್ಮ ಫೋನ್ ಮಾಡಿದಳು. ಚಿತ್ರ ಒಂದು ಸಲ ನಿಂತಿತ್ತು, ಆಗ ನನ್ನ ಪ್ರಾಣವೂ ನಿಂತಿತ್ತು ಎಂದಳು. ನಿನ್ನ ಮಗಳು ಮತ್ತೆ ಓಡಿಸಿದಳಲ್ಲ ಎಂದ ತಮ್ಮ. ಅವಳೇ ಓಡಿಸಿದ್ದು ಅಂತ ಟಿವಿಯಲ್ಲಿ ಹೇಳಲೇ ಇಲ್ಲವಲ್ಲ ಎಂದು ಅಮ್ಮ ಸಿಟ್ಟಾದಳು, ಸ್ಟುಡಿಯೋದ ನಂಬರು ಕೊಡು ಎಂದು ಪಟ್ಟು ಹಿಡಿದಳು.

ಕಾಗೆ ಹುಲ್ಲಿನ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದ್ದ. ಅಕ್ಕ ಅವನ ಪಕ್ಕದಲ್ಲಿ ಕೂತು ಲ್ಯಾಪ್‌ಟಾಪ್ ತೆರೆದಳು. ಇಳಿಜಾರಿನ ಗೆರೆಗಳನ್ನು ಮೊದಲಿನಿಂದ ನೋಡಿದಳು. ಗಾಡಿಗಳ ನಡುವಿನ ಅಂತರ ಹೆಚ್ಚಿದಾಗ ಏನಾಗಿತ್ತು, ಕಡಿಮೆಯಾದಾಗ ಏನಾಗಿತ್ತು? ಮೂರು ಗಾಡಿಗಳಿದ್ದರೆ? ಡಿಪೋದಿಂದ ಒಂದರ ಹಿಂದೆ ಒಂದು ಹೊರಡುವ ಬಸ್ಸುಗಳೆಲ್ಲ ಹೀಗೆ ಕೈ ಹಿಡಿದುಕೊಂಡರೆ? ಅವಳ ಬೆರಳುಗಳು ಸುಮ್ಮನಿರಲಿಲ್ಲ. ಒಂದು ಕಡೆ ಗೆರೆ ಸ್ವಲ್ಪ ತಗ್ಗಿತ್ತು, ಯಾವ ತಿರುವು ಅದು ಎಂದು ಗೊತ್ತಾಗಲಿಲ್ಲ. ಎದ್ದು ಹೋಗಿ ತಮ್ಮನ ತೋಳು ಹಿಡಿದಳು.

"ಲೋ, ಸಂಜೆ ಆಗೋಕೆ ಇನ್ನೂ ಹೊತ್ತಿದೆ. ಇನ್ನೊಂದು ಸಲ ಹತ್ತಿ ಇಳಿಯೋಣ್ವಾ?"

ತಮ್ಮ ಅವಳನ್ನು ನೋಡಿದ. ಬೆಳಿಗ್ಗೆಯಿಂದ ಗಾಡಿಯ ಮೇಲೆ ಕೂತು ಅವನ ಸೊಂಟ ಬಿದ್ದುಹೋಗಿತ್ತು. ಆದರೆ ಅವಳ ಮುಖದಲ್ಲಿ ಇದ್ದ ಬೆಳಕಿಗೆ ಬೇಡವೆನ್ನಲು ಅವನಿಂದ ಆಗಲಿಲ್ಲ. ಕಾಗೆಯನ್ನು ಕಾಲಿನಿಂದ ಮೆಲ್ಲಗೆ ತಿವಿದು ಎಬ್ಬಿಸಿದ. ಕೊನೆಯಣ್ಣ ಆಗಲೇ ಕಾರಿನಲ್ಲಿ ಕೂತು ಚಾಲೂ ಮಾಡಿದ್ದ. ಈ ಸಲ ಯಾರು ಮುಂದೆ ಎಂದು ಕಿಟಕಿಯಿಂದ ತಲೆ ಹಾಕಿ ಕೇಳಿದ. ನೀವೇ ಎಂದಳು ಅಕ್ಕ.